ತಾರ್ಕಿಕ ಸ್ಥಿರಪದಗಳು

ವಾಕ್ಯ ಯಾವುದರ ಬಗ್ಗೆ ಎಂಬುದನ್ನು ಹೇಳದೆ, ಅದರ ತಾರ್ಕಿಕ ರೂಪವನ್ನು ಮಾತ್ರ ನಿರ್ಧರಿಸುವ ಪದಗಳು: ‘ಅಲ್ಲ’, ‘ಮತ್ತು’, ‘ಅಥವಾ’, ‘ಹೀಗಾದರೆ ಹಾಗೆ’, ‘ಎಲ್ಲ’, ‘ಕೆಲವು’.

ಗೌರಿಬಿದನೂರು ತಾಲ್ಲೂಕಿನ ಎಲ್ಲ ಊರುಗಳೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ಅಲೀಪುರ ಆ ತಾಲ್ಲೂಕಿನ ಊರು. ಆದ್ದರಿಂದ ಅಲೀಪುರ ಆ ಜಿಲ್ಲೆಯಲ್ಲಿದೆ. ಇಲ್ಲಿ ಊರು, ತಾಲ್ಲೂಕು, ಜಿಲ್ಲೆಗಳ ಹೆಸರು ಬದಲಿಸಿದರೂ ವಾದದ ಸಿಂಧುತ್ವಕ್ಕೆ ಧಕ್ಕೆಯಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾದದ್ದು 2007ರಲ್ಲಿ; ಅದಕ್ಕೆ ಮುಂಚೆ ‘ಕೋಲಾರ’ ಎಂದು ಹಾಕಿದರೆ ಸಾಕಿತ್ತು. ‘ಎಲ್ಲ’ ತೆಗೆದು ‘ಕೆಲವು’ ಇಟ್ಟರೆ ಮಾತ್ರ ವಾದ ಮುರಿದುಬೀಳುತ್ತದೆ. ಈ ಪದಗಳ ಮಹತ್ವವೆಲ್ಲ ಇಲ್ಲಿಯೇ ಇದೆ.

ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆ 1879ರಲ್ಲಿ ನಿಷೇಧ, ಷರತ್ತು, ಸರ್ವವ್ಯಾಪ್ತಿಗಳಿಗೆ ಸಂಕೇತ ಕೊಟ್ಟು ಆಧುನಿಕ ತರ್ಕಶಾಸ್ತ್ರಕ್ಕೆ ಅಡಿಪಾಯ ಹಾಕಿದ. ‘ಎರಡೂ ಒಟ್ಟಿಗೆ ನಿಜವಲ್ಲ’ ಎಂಬಂಥ ಒಂದೇ ಸಂಯೋಜಕದಿಂದ ಉಳಿದ ವಾಕ್ಯಸಂಯೋಜಕಗಳೆಲ್ಲ ಹುಟ್ಟುತ್ತವೆ ಎಂಬುದು ಈ ಕ್ಷೇತ್ರದ ಅತಿ ಸುಂದರ ಫಲಿತಾಂಶಗಳಲ್ಲೊಂದು.

ಕನ್ನಡ ನಾಡಿನ ಜೈನ ತಾರ್ಕಿಕರ ಸಪ್ತಭಂಗಿಯನ್ನೂ, ಅಂದರೆ ಹೇಳಿಕೆಯ ಏಳು ರೂಪಗಳ ಸಿದ್ಧಾಂತವನ್ನೂ, ಇಲ್ಲಿ ನೆನೆಯಲೇಬೇಕು. ಸಮಂತಭದ್ರನ ‘ಆಪ್ತಮೀಮಾಂಸೆ’ಗೆ ಅಕಲಂಕ ಬರೆದ ‘ಅಷ್ಟಶತಿ’ ಈ ಪರಂಪರೆಯ ಮುಖ್ಯ ವ್ಯಾಖ್ಯಾನ. ಅಸ್ತಿ (ಇದೆ), ನಾಸ್ತಿ (ಇಲ್ಲ), ಅವಕ್ತವ್ಯ (ಹೇಳಲಾಗದು) ಎಂಬ ಮೂರನ್ನು ಬಿಡಿಯಾಗಿಯೂ ಕೂಡಿಸಿಯೂ ಇಟ್ಟಾಗ ಏಳು ಭಂಗಗಳಾಗುತ್ತವೆ. ಪ್ರತಿಯೊಂದಕ್ಕೂ ಸೇರುವ ‘ಸ್ಯಾತ್’ ಸಂಶಯಸೂಚಕವಲ್ಲ. ಹೇಳಿಕೆ ಯಾವುದೋ ಒಂದು ದೃಷ್ಟಿಯಿಂದ ನಿಜವೆಂದು ಅದು ಗೊತ್ತುಪಡಿಸುತ್ತದೆ.