ಪಿಡುಗಿನ ಕಾಲದಲ್ಲಿ ಪೌರರೊಡನೆ ನುಡಿಯುವ ವಿದ್ಯೆ

"ಇಲಿ ಬಿತ್ತು" ಎಂಬ ಎರಡೇ ಮಾತು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸೀಮೆಯ ಯಾವ ಊರಿನ ಬೀದಿಯಲ್ಲಿ ಕೇಳಿಬಂದರೂ, ಆ ಬೀದಿಯ ಜನರು ಪಾತ್ರೆಪಡಗಗಳನ್ನು ಗಂಟುಕಟ್ಟಿ, ಮನೆಗೆ ಬೀಗವಿಕ್ಕಿ, ಊರಾಚೆಯ ಹೊಲತೋಟಗಳಲ್ಲಿ ಜೋಪಡಿ ಹಾಕಿಕೊಂಡು ಪ್ಲೇಗಿನ ಪಿಡುಗು ಕಳೆಯುವವರೆಗೆ ಅಲ್ಲಿಯೇ ನೆಲಸುತ್ತಿದ್ದರು. ಸರಕಾರದ ಮುದ್ರೆಯಾಗಲಿ ಅಧಿಕಾರಿಯ ರುಜುವಾಗಲಿ ಇಲ್ಲದ ಈ ಪ್ರಕಟಣೆಯನ್ನು ಅವಿಶ್ವಾಸದಿಂದ ಕಂಡವರು ವಿರಳ. ಅದೇ ಕಾಲದಲ್ಲಿ ಮುದ್ರಿತವಾಗಿ ಹೊರಟ ಸರಕಾರಿ ಆಜ್ಞೆಗಳನ್ನಾದರೋ ಜನರು ಸಂಶಯದಿಂದ, ಎಷ್ಟೋ ವೇಳೆ ರೋಷದಿಂದ ಎದುರುಗೊಂಡರು. ರೋಗವೂ ಒಂದೇ, ಕೇಳುವ ಕಿವಿಯೂ ಒಂದೇ ಆಗಿರುವಲ್ಲಿ ಒಂದು ಮಾತು ನಾಟಿ ಇನ್ನೊಂದು ಜಾರಿದುದೇಕೆ? ಸಾಂಕ್ರಾಮಿಕ ವ್ಯಾಧಿಗಳ ನಡುವೆ ನಗರಾಡಳಿತಗಳು ಪೌರರೊಡನೆ ನುಡಿಯುವುದನ್ನು ಕಲಿತ ಬಗೆಯನ್ನು ಸಮೀಕ್ಷಿಸುವವನು ಈ ಪ್ರಶ್ನೆಯನ್ನು ಕೈದೀಪವಾಗಿ ಹಿಡಿದು ಹೊರಡುವುದು ಉಚಿತ.

ನಗರವೊಂದು ತನ್ನ ಸಾವುಗಳನ್ನು ತಾನೇ ಎಣಿಸಿ, ಅಚ್ಚುಹಾಕಿಸಿ, ಜನರ ಕೈಗಿತ್ತ ಹಳೆಯ ನಿದರ್ಶನಗಳಲ್ಲಿ ಲಂಡನ್ನಿನ ಮರಣಪಟ್ಟಿಗಳು ಮುಖ್ಯವಾದುವು. ವಾರವಾರವೂ ಪ್ಯಾರಿಷ್‌ಗಳ ಗುಮಾಸ್ತರು ಸಂಗ್ರಹಿಸುತ್ತಿದ್ದ ಈ ಅಂಕಿಗಳನ್ನೇ ಆಧರಿಸಿ ಜಾನ್ ಗ್ರಾಂಟ್ ಎಂಬ ವರ್ತಕನು 1662ರಲ್ಲಿ ಪ್ರಕಟಿಸಿದ ಗ್ರಂಥವು ಜನಸಂಖ್ಯಾಶಾಸ್ತ್ರಕ್ಕೆ ತಳಹದಿಯಾಯಿತು. 1665ರ ಮಹಾಮಾರಿಯ ವರ್ಷದಲ್ಲಿ ಪಟ್ಟಿಗಳು 68,596 ಪ್ಲೇಗು ಮರಣಗಳನ್ನು ತೋರಿಸಿದುವಾದರೂ ನಿಜಸಂಖ್ಯೆ ಅದನ್ನು ಬಹುವಾಗಿ ಮೀರಿತ್ತೆಂಬುದು ಚರಿತ್ರಕಾರರ ಮತ. ಇದಕ್ಕೆ ಕಾರಣವನ್ನು ಅದೇ ನಗರದ ಬಾಗಿಲುಗಳ ಮೇಲೆ ಓದಬಹುದಾಗಿತ್ತು. ರೋಗಿಯಿದ್ದ ಮನೆಯ ಬಾಗಿಲಿಗೆ ಕೆಂಪು ಶಿಲುಬೆಯನ್ನೂ ದೇವರ ಕರುಣೆಯನ್ನು ಬೇಡುವ ಒಂದು ವಾಕ್ಯವನ್ನೂ ಬರೆದು, ರೋಗಿಯೊಡನೆ ಆರೋಗ್ಯವಂತರನ್ನೂ ಒಳಗಿಟ್ಟು ಮುಚ್ಚಿ, ಹೊರಗೆ ಕಾವಲಿನವನನ್ನು ನಿಲ್ಲಿಸುತ್ತಿದ್ದರು. ಈ ಸೆರೆವಾಸಕ್ಕೆ ಬೆದರಿದ ಮನೆಯವರು, ಶವಗಳನ್ನು ನೋಡಿ ರೋಗವನ್ನು ನಿಶ್ಚಯಿಸಲು ಬರುತ್ತಿದ್ದ ಬಡ ಮುದುಕಿಯರಿಗೆ ಲಂಚವಿತ್ತು ಸಾವಿಗೆ ಬೇರೊಂದು ಹೆಸರನ್ನು ಹೇಳಿಸುತ್ತಿದ್ದರು. ಹೀಗೆ ಬಾಗಿಲ ಮೇಲಿನ ಗುರುತು ಪಟ್ಟಿಯೊಳಗಿನ ಅಂಕಿಯನ್ನು ಕೆಡಿಸಿತು.

ಬೆದರಿಕೆಯ ಈ ಮಾರ್ಗಕ್ಕೆ ಪ್ರತಿಯಾದ ಇನ್ನೊಂದು ಮಾರ್ಗದ ಸುಳಿವು ನಮ್ಮ ನಾಡಿನಲ್ಲಿಯೇ ದೊರೆಯುತ್ತದೆ. ಜೆನ್ನರನ ಗೋವಿನ ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಅದಾದ ಮೂರು ವರ್ಷಕ್ಕೆ, 1805ರಲ್ಲಿ, ತಾಮಸ್ ಹಿಕಿ ಎಂಬ ಚಿತ್ರಕಾರನು ಮೈಸೂರು ಅರಮನೆಯ ಮೂವರು ಸ್ತ್ರೀಯರ ಪಟವೊಂದನ್ನು ಬರೆದನು. ಅವರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ತುಸು ಸರಿಸಿ ತೋಳನ್ನು ತೋರುವ ಭಂಗಿಯಿಂದ, ಇದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು ದಾಕು ಹಾಕಿಸಿಕೊಂಡುದನ್ನು ಲೋಕಕ್ಕೆ ಸಾರುವುದಕ್ಕಾಗಿ ಬರೆದ ಚಿತ್ರವೆಂದು ಇತಿಹಾಸಜ್ಞರು ಊಹಿಸಿದ್ದಾರೆ. ಸಿಡುಬನ್ನು "ಅಮ್ಮ"ನೆಂದು ಪೂಜಿಸುತ್ತಿದ್ದ ಜನತೆಗೆ ವೈದ್ಯನ ತರ್ಕಕ್ಕಿಂತ ಅರಮನೆಯ ತೋಳು ಹೆಚ್ಚು ಮನವರಿಕೆ ಮಾಡಿಕೊಡುವುದೆಂದು ಎಣಿಸಿದವರು ಈ ವಿದ್ಯೆಯ ಮರ್ಮವನ್ನು ಅರಿತವರೇ ಸರಿ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೋಗಾಣುಗಳ ಜ್ಞಾನ ಬೆಳೆಯಿತು. ಅದನ್ನು ಪೌರರಿಗೆ ತಿಳಿಸುವ ಮನಸ್ಸು ಮಾತ್ರ ಅಷ್ಟೇ ವೇಗದಿಂದ ಬೆಳೆಯಲಿಲ್ಲ. 1892ರ ಆಗಸ್ಟಿನಲ್ಲಿ ಜರ್ಮನಿಯ ರೇವುಪಟ್ಟಣವಾದ ಹ್ಯಾಂಬರ್ಗಿಗೆ ಕಾಲರಾ ಕಾಲಿಟ್ಟಾಗ, ಸುದ್ದಿ ಹೊರಬಿದ್ದರೆ ಹಡಗಿನ ವ್ಯಾಪಾರ ನಿಂತೀತೆಂಬ ಭಯದಿಂದ ಅಲ್ಲಿಯ ಅಧಿಕಾರಿಗಳು ಅನೇಕ ದಿನಗಳ ಕಾಲ ಬಾಯಿ ಬಿಡಲಿಲ್ಲ. ನೀರನ್ನು ಕುದಿಸಿ ಕುಡಿಯಿರೆಂಬ ಸುಲಭವಾದ ಮಾತು ಜನರನ್ನು ಮುಟ್ಟುವ ವೇಳೆಗೆ ಸೋಸದ ನದೀಜಲವು ಮನೆಮನೆಯ ನಲ್ಲಿಗಳಲ್ಲಿ ರೋಗವನ್ನು ಹರಿಸಿಬಿಟ್ಟಿತ್ತು. ಎಂಟು ಸಾವಿರದ ಐದುನೂರಕ್ಕೂ ಮಿಕ್ಕ ಜನರು ಸತ್ತರು. ನೀರನ್ನು ಸೋಸಿ ಕೊಡುತ್ತಿದ್ದ ಪಕ್ಕದ ಆಲ್ಟೋನಾ ಪಟ್ಟಣವು ಬಹುಮಟ್ಟಿಗೆ ಪಾರಾಯಿತು. ಕಡೆಗೆ ಎಚ್ಚರಿಕೆಯ ಕರಪತ್ರಗಳನ್ನು ಕಾರ್ಮಿಕರ ಕೇರಿಗಳಿಗೆ ಒಯ್ಯಲು, ತಾವು ಅನುಮಾನದಿಂದ ಕಾಣುತ್ತಿದ್ದ ಸಮಾಜವಾದೀ ಪಕ್ಷದವರ ನೆರವನ್ನೇ ಅಧಿಕಾರಿಗಳು ಪಡೆಯಬೇಕಾಯಿತು. ಆ ಕೇರಿಗಳಲ್ಲಿ ಬಾಗಿಲು ತೆರೆಯುತ್ತಿದ್ದುದು ಅವರಿಗೆ ಮಾತ್ರ.

ನಾಲ್ಕು ವರ್ಷಗಳ ತರುವಾಯ, 1896ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಮಾಂಡ್ವಿ ಭಾಗದಲ್ಲಿ ಡಾಕ್ಟರ್ ಅಕಾಸಿಯೋ ವೇಗಸ್ ಪ್ಲೇಗನ್ನು ಗುರುತಿಸಿದರು. ಸರಕಾರವು ಇಲ್ಲಿ ಮೌನವಾಗಿರಲಿಲ್ಲ. ಆದರೆ ಅದರ ನುಡಿಯೆಲ್ಲ ಆಜ್ಞೆಯಾಗಿತ್ತು. ರೋಗಿಯನ್ನು ಬಲವಂತವಾಗಿ ಆಸ್ಪತ್ರೆಗೆ ಒಯ್ಯುವ ಅಧಿಕಾರ ಹೊರಟೊಡನೆಯೇ, ಅಲ್ಲಿ ರೋಗಿಗಳನ್ನು ಕೊಂದು ಅವರ ದೇಹದಿಂದ ಔಷಧ ತೆಗೆಯುತ್ತಾರೆಂಬ ಕಿಂವದಂತಿ ನಗರವನ್ನು ತುಂಬಿತು. ಅಕ್ಟೋಬರಿನಲ್ಲಿ ಗಿರಣಿಯ ಕೂಲಿಗಳ ಗುಂಪು ಆರ್ಥರ್ ರೋಡಿನ ಆಸ್ಪತ್ರೆಗೆ ನುಗ್ಗಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಪುಣೆಯಲ್ಲಿ ಸೈನಿಕರು ಅಡಿಗೆಯ ಮನೆ, ದೇವರ ಮನೆಗಳನ್ನು ಕೂಡ ಶೋಧಿಸಿದರು. ಆ ವರ್ಷ ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡನು ಚಾಪೇಕರ್ ಸೋದರರ ಗುಂಡಿಗೆ ಗುರಿಯಾದುದೂ, ಕೇಸರಿ ಪತ್ರಿಕೆಯ ಲೇಖನಗಳಿಗಾಗಿ ತಿಲಕರು ಸೆರೆಮನೆಗೆ ಹೋದುದೂ ಸರ್ವವಿದಿತ. ಬಲಾತ್ಕಾರವು ವ್ಯರ್ಥವೆಂದು ಮನಗಂಡ ಮೇಲೆ ಸರಕಾರವು ಆಯಾ ಸಮಾಜದ ಹಿರಿಯರನ್ನು ಮುಂದುಮಾಡಿಕೊಂಡಿತು. ಹಾಫ್‌ಕಿನ್ ಪಂಡಿತನು 1897ರ ಜನವರಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದನು; ತರುಣ ಆಗಾಖಾನರು ತಮ್ಮ ಖೋಜಾ ಅನುಯಾಯಿಗಳ ಅಂಜಿಕೆಯನ್ನು ಕಳೆಯಲು ಬಹಿರಂಗವಾಗಿ ಅದನ್ನು ಹಾಕಿಸಿಕೊಂಡರು. ಡಂಗುರ ಹೊಡೆಯಿಸಿ ಆಗದುದು ಒಂದು ಸೂಜಿಯಿಂದ ಆಯಿತು.

ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ. ಇಕ್ಕಟ್ಟಾದ ಪೇಟೆಯ ಜನರಿಗೆ ವಿಶಾಲವಾದ ಬೀದಿಗಳೂ ಗಾಳಿಬೆಳಕುಗಳೂ ಉಳ್ಳ ಮಲ್ಲೇಶ್ವರ, ಬಸವನಗುಡಿಗಳು ಆ ಕಾಲದಲ್ಲಿ ತಲೆಯೆತ್ತಿದುದನ್ನು ನಗರದ ಇತಿಹಾಸ ಬಲ್ಲವರೆಲ್ಲರೂ ಅರಿತಿದ್ದಾರೆ. ಅತ್ತ ಜನರು ರೋಗಕ್ಕೊಂದು ಹೆಸರಿಟ್ಟು, ಪ್ಲೇಗಮ್ಮನೆಂದು ಗುಡಿ ಕಟ್ಟಿ ಪೂಜಿಸಿದರು. ಇದನ್ನು ಮೌಢ್ಯವೆಂದು ನಗುವವರು, ಹೆಸರಿಲ್ಲದ ಭೀತಿಗೆ ಹೆಸರನ್ನೂ, ಕೈಕಟ್ಟಿ ಕುಳಿತವರಿಗೆ ಏನಾದರೊಂದು ಮಾಡತಕ್ಕ ಕಾರ್ಯವನ್ನೂ ಕೊಡುವ ಈ ಕೆಲಸವನ್ನು ಆಡಳಿತವು ಮಾಡದೆ ಬಿಟ್ಟಾಗ ಗುಡಿಯು ಮಾಡಿತೆಂಬುದನ್ನು ಮರೆಯಬಾರದು.

ಇಪ್ಪತ್ತನೆಯ ಶತಮಾನದ ಎರಡು ಅಮೆರಿಕನ್ ನಗರಗಳನ್ನು ಇಲ್ಲಿ ಎದುರುಬದುರಾಗಿ ನಿಲ್ಲಿಸಬಹುದು. 1918ರ ಇನ್‌ಫ್ಲುಯೆಂಜಾ ಫಿಲಡೆಲ್ಫಿಯಾವನ್ನು ಹೊಕ್ಕಿದ್ದರೂ, ಅಲ್ಲಿಯ ಅಧಿಕಾರಿಗಳು ಅಪಾಯವಿಲ್ಲವೆಂದು ಸಮಾಧಾನ ಹೇಳುತ್ತ, ಯುದ್ಧದ ಸಾಲಪತ್ರಗಳ ಪ್ರಚಾರಕ್ಕಾಗಿ ಸೆಪ್ಟೆಂಬರ್ 28ರಂದು ಏರ್ಪಟ್ಟ ಮೆರವಣಿಗೆಯನ್ನು ನಡೆಯಗೊಟ್ಟರು. ಸುಮಾರು ಎರಡು ಲಕ್ಷ ಜನ ನೆರೆದರು. ಕೆಲವೇ ದಿನಗಳಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆಯಾಗಲಿ ಹೂಳಲು ಶವಪೆಟ್ಟಿಗೆಯಾಗಲಿ ಸಾಲದಾಯಿತು. 1947ರಲ್ಲಿ ನ್ಯೂಯಾರ್ಕಿಗೆ ಪ್ರಯಾಣಿಕನೊಬ್ಬನಿಂದ ಸಿಡುಬು ತಗುಲಿದಾಗಲಾದರೋ, ಆರೋಗ್ಯಾಧಿಕಾರಿ ಇಸ್ರೇಲ್ ವೈನ್‌ಸ್ಟೈನ್ ವೃತ್ತಪತ್ರಿಕೆಗಳಲ್ಲಿಯೂ ರೇಡಿಯೋದಲ್ಲಿಯೂ ಇದ್ದುದನ್ನು ಇದ್ದಂತೆಯೇ ತಿಳಿಸಿದನು. ಮೇಯರನೂ ನಗರಕ್ಕೆ ಬರಲಿದ್ದ ಅಧ್ಯಕ್ಷ ಟ್ರೂಮನ್ನನೂ ತೋಳೊಡ್ಡಿದರು. ಆಗಿನ ಲೆಕ್ಕದಂತೆ 60 ಲಕ್ಷಕ್ಕೂ ಮೇಲ್ಪಟ್ಟು ಜನರು ಒಂದು ತಿಂಗಳೊಳಗೆ ಸಾಲುನಿಂತು ಲಸಿಕೆ ಪಡೆದರು. ಈ ಸಂಖ್ಯೆಯನ್ನು ಈಚಿನವರು ತಗ್ಗಿಸಿ ಹೇಳುವರಾದರೂ, ರೋಗವು 12 ಮಂದಿಗೆ ತಗುಲಿ ಇಬ್ಬರ ಸಾವಿನೊಡನೆ ನಿಂತಿತೆಂಬುದು ನಿರ್ವಿವಾದ.

ಇಲ್ಲಿಯವರೆಗೆ ಮಾತು ಮೇಲಿನಿಂದ ಕೆಳಕ್ಕೆ ಹರಿಯುತ್ತಿತ್ತು. ಅದನ್ನು ಕೆಳಗಿನಿಂದ ಮೇಲಕ್ಕೆ ಹರಿಸಿದ ಕೀರ್ತಿಯಲ್ಲಿ ಭಾರತದ ಸಿಡುಬು ನಿರ್ಮೂಲನ ಕಾರ್ಯಕ್ಕೆ ದೊಡ್ಡ ಪಾಲುಂಟು. 1974 ಮತ್ತು 1975ರಲ್ಲಿ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡನ್ನು ಹಿಡಿದು ಸಂತೆಗಳಲ್ಲಿ, ಶಾಲೆಗಳಲ್ಲಿ, ಚಹದ ಅಂಗಡಿಗಳಲ್ಲಿ "ಇಂಥದನ್ನು ಎಲ್ಲಿಯಾದರೂ ಕಂಡಿರಾ?" ಎಂದು ಕೇಳುತ್ತ ನಡೆದರು, ಸುದ್ದಿ ತಂದವರಿಗೆ ಬಹುಮಾನ ಸಾರಿದರು, ಕಡೆಕಡೆಗೆ ಅದು ಸಾವಿರ ರೂಪಾಯಿಗೆ ಏರಿತು. ಲಂಡನ್ನಿನಲ್ಲಿ ರೋಗವನ್ನು ಮುಚ್ಚಿಡಲು ಹಣ ಕೈಬದಲಾಯಿಸಿದ್ದರೆ, ಇಲ್ಲಿ ತೆರೆದು ಹೇಳಲು ಕೈಬದಲಾಯಿಸಿತು. ಚಿತ್ರವಾದುದರಿಂದ ಅಕ್ಷರವಾಗಲಿ ಭಾಷೆಯಾಗಲಿ ಅಡ್ಡಬರಲಿಲ್ಲ. 1975ರ ಮೇ 24ರ ಬಳಿಕ ದೇಶದಲ್ಲಿ ಸಿಡುಬು ಕಾಣಿಸಲಿಲ್ಲ.

ಆದರೂ ಕಲಿತುದನ್ನು ಮರೆಯುವುದು ನಗರಗಳ ಜಾಯಮಾನ. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪುಪ್ಪುಸದ ಪ್ಲೇಗಿನ ಸುದ್ದಿ ಹಬ್ಬಿದಾಗ, ಕುಡಿಯುವ ನೀರಿಗೆ ವಿಷ ಬೆರೆಸಿದ್ದಾರೆಂಬ ಗುಲ್ಲೂ ಅದರ ಜೊತೆಗೂಡಿ, ಲಕ್ಷಾಂತರ ಜನರು ರೈಲು, ಲಾರಿಗಳಲ್ಲಿ ಊರು ಬಿಟ್ಟರು. ಖಾಸಗಿ ವೈದ್ಯರಲ್ಲಿ ಅನೇಕರು ದವಾಖಾನೆಗಳಿಗೆ ಬೀಗ ಹಾಕಿಕೊಂಡು ಹೊರಟದ್ದನ್ನು ಕಂಡ ಮೇಲೆ, ಭಯಪಡಬೇಡಿರೆಂಬ ಸರಕಾರದ ಮಾತು ಯಾರ ಕಿವಿಗೆ ಹೊಕ್ಕೀತು? 2003ರ ಸಾರ್ಸ್ ರೋಗದ ಸಂದರ್ಭದಲ್ಲಿ ಚೀನದ ಅಧಿಕಾರಿಗಳು ಮೌನವಹಿಸಿದಷ್ಟೂ ಗ್ವಾಂಗ್‌ಝೌ ನಗರದ ಮೊಬೈಲುಗಳಲ್ಲಿ ಗಾಳಿಸುದ್ದಿ ಹಾರಾಡಿ, ವಿನಿಗರಿನ ಬೆಲೆ ಏರಿತು; ಏಪ್ರಿಲ್ 20ರಂದು ಆರೋಗ್ಯಮಂತ್ರಿಯೂ ಬೀಜಿಂಗಿನ ಮೇಯರನೂ ಪದಚ್ಯುತರಾದರು. ಹಾಂಗ್‌ಕಾಂಗಿನಲ್ಲಿಯಾದರೋ ನಗರಕ್ಕೆ ದಿಗ್ಬಂಧನವಾಗಲಿದೆಯೆಂದು ಏಪ್ರಿಲ್ ಒಂದರಂದು ಹುಡುಗನೊಬ್ಬನು ಹರಡಿದ ಸುಳ್ಳನ್ನು, ಸರಕಾರವು ಸುಮಾರು 60 ಲಕ್ಷ ಮೊಬೈಲುಗಳಿಗೆ ಸಂದೇಶ ಕಳುಹಿ ಅಂದೇ ಅಲ್ಲಗಳೆಯಿತು.

ಈ ಅನುಭವಗಳಿಂದಲೇ ಶಾಸ್ತ್ರವು ರೂಪುಗೊಂಡಿತು. ಅಪಾಯದ ಅಳತೆಯಲ್ಲಿ ರೋಗದ ತೀವ್ರತೆಯಷ್ಟೇ ಜನರ ಕ್ಷೋಭೆಯನ್ನೂ ಎಣಿಸಬೇಕೆಂದು ಪೀಟರ್ ಸ್ಯಾಂಡ್‌ಮನ್ ಎಂಬ ಅಮೆರಿಕನ್ ವಿದ್ವಾಂಸನು ಮೊದಲೇ ಪ್ರತಿಪಾದಿಸಿದ್ದನು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಮಾರ್ಗಸೂಚಿಯು ನಂಬಿಕೆಯನ್ನು ಮೊದಲಲ್ಲಿಟ್ಟು, ಬೇಗನೆ ತಿಳಿಸುವುದು, ಮುಚ್ಚುಮರೆಯಿಲ್ಲದಿರುವುದು, ಜನರ ಆತಂಕಗಳಿಗೆ ಕಿವಿಗೊಡುವುದು, ಮುಂಚಿತವಾಗಿ ಯೋಜಿಸುವುದು ಎಂಬ ಕರ್ತವ್ಯಗಳನ್ನು ವಿಧಿಸಿತು. ಬರೆದಿಟ್ಟ ಸೂತ್ರವು ತಾನಾಗಿ ನಡತೆಯಾಗದು. 2014ರ ಆಗಸ್ಟಿನಲ್ಲಿ ಲೈಬೀರಿಯದ ರಾಜಧಾನಿ ಮನ್ರೋವಿಯದ ವೆಸ್ಟ್ ಪಾಯಿಂಟ್ ಎಂಬ ಕೊಳಚೆಗೇರಿಯನ್ನು ಎಬೋಲಾ ರೋಗದ ನಿಮಿತ್ತ ಸೈನಿಕರು ಸುತ್ತುಗಟ್ಟಿದರು. ಗಲಭೆಯಲ್ಲಿ ಗುಂಡು ತಗುಲಿ ಹುಡುಗನೊಬ್ಬನು ಸತ್ತನು. ಹತ್ತು ದಿನಗಳಲ್ಲಿ ದಿಗ್ಬಂಧನವನ್ನು ತೆಗೆದು, ಕೇರಿಯವರೇ ಮನೆಮನೆಗೆ ಹೋಗಿ ವಿಚಾರಿಸುವ ಕ್ರಮಕ್ಕೆ ಬರಬೇಕಾಯಿತು.

2020ರಲ್ಲಿ ಕೊರೋನಾ ಬಂದಾಗ ನಮ್ಮ ಬೆಂಗಳೂರು ಇವೆಲ್ಲವನ್ನೂ ಒಮ್ಮೆಗೇ ಪ್ರಯೋಗಿಸಿ ನೋಡಿತೆನ್ನಬಹುದು. ದಿನದಿನವೂ ಅಂಕಿಗಳ ಪ್ರಕಟಣೆ ಹೊರಟಿತು. ಯಾರಿಗೆ ದೂರವಾಣಿ ಮಾಡಿದರೂ ಮೊದಲು ಕೆಮ್ಮಿನ ಸದ್ದು, ಅನಂತರ ಎಚ್ಚರಿಕೆ ಕೇಳಿಸಿತು. ಆಶಾ ಕಾರ್ಯಕರ್ತೆಯರು ಬಿಸಿಲೆನ್ನದೆ ಮನೆಮನೆ ಸುತ್ತಿದರು. ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆಯೊತ್ತಿ, ಬಾಗಿಲಿಗೆ ಚೀಟಿ ಅಂಟಿಸಿ, ಅವರ ವಿಳಾಸಗಳ ಪಟ್ಟಿಯನ್ನೂ ಸರಕಾರವು ಪ್ರಕಟಿಸಿತು. ಬಾಗಿಲಿಗೆ ಹೀಗೆ ಚೀಟಿ ಹಚ್ಚುವುದು, ಕಾನೂನಿನ ಪ್ರಕಾರ ನಿರ್ದಿಷ್ಟ ಆದೇಶವಿದ್ದ ಹೊರತು, ಸಲ್ಲದೆಂದು ಅದೇ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಲಂಡನ್ನಿನ ಕೆಂಪು ಶಿಲುಬೆಗೂ ಈ ಚೀಟಿಗೂ ನಡುವೆ ಮುನ್ನೂರೈವತ್ತೈದು ವರ್ಷಗಳಿದ್ದುವು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. "ಇಲಿ ಬಿತ್ತು" ಎಂದು ಹೇಳಿದವನು ನೆರೆಮನೆಯವನಾಗಿದ್ದನು; ಹಾಗೆ ಹೇಳಿ ತಾನೂ ಗಂಟು ಕಟ್ಟಿಕೊಂಡು ಅದೇ ಹೊಲದಲ್ಲಿ ಪಕ್ಕದ ಜೋಪಡಿಯಲ್ಲಿ ಮಲಗುತ್ತಿದ್ದನು. ಹಿಕಿಯ ಪಟದ ರಾಣಿಯೂ, ಮುಂಬಯಿಯ ಆಗಾಖಾನರೂ, ನ್ಯೂಯಾರ್ಕಿನ ಮೇಯರನೂ ನಂಬಿಕೆ ಗಳಿಸಿದ್ದು ತಾವು ಹೇಳಿದುದಕ್ಕೆ ಮೊದಲು ತಮ್ಮ ಮೈಯನ್ನೇ ಒಡ್ಡಿದ್ದರಿಂದ. ಯಂತ್ರಗಳು ಮಾತನ್ನು ಬೇಗ ಮುಟ್ಟಿಸಿಯಾವು, ನಂಬಿಸಲಾರವು. ಆದುದರಿಂದ ನಗರಾಡಳಿತಗಳು ಮುಂದಿನ ಪಿಡುಗಿಗೆ ಸಿದ್ಧವಾಗಬೇಕಾದರೆ, ಬಡಾವಣೆಯ ದಾದಿಯೂ ಆಶಾ ಕಾರ್ಯಕರ್ತೆಯೂ ವೈದ್ಯನೂ ರೋಗವಿಲ್ಲದ ದಿನಗಳಲ್ಲಿಯೇ ಪ್ರತಿಯೊಂದು ಮನೆಯ ಪರಿಚಿತರಾಗಿರುವಂತೆ ನೋಡಿಕೊಂಡು, ಅವರಿಗೆ ತಕ್ಕ ಸಂಬಳವನ್ನೂ ಮರ್ಯಾದೆಯನ್ನೂ ಕೊಡಲಿ.