ಮೂರು ಹೈಡ್ರೋಜನ್ ಪರಮಾಣುಗಳು: ಅನಿಲ ಕ್ರಿಯೆಗಳ ಕ್ವಾಂಟಂ ಲೆಕ್ಕಾಚಾರದ ಚರಿತ್ರೆ

ಹೈಡ್ರೋಜನ್ ಪರಮಾಣುವೊಂದು ಹೈಡ್ರೋಜನ್ ಅಣುವಿಗೆ ಡಿಕ್ಕಿ ಹೊಡೆದು, ಅದರೊಳಗಿನ ಒಂದು ಪರಮಾಣುವನ್ನು ಹೊರದೂಡಿ ಆ ಜಾಗ ಹಿಡಿಯುತ್ತದೆ. ಇದಕ್ಕಿಂತ ಸರಳವಾದ ರಾಸಾಯನಿಕ ಕ್ರಿಯೆ ಹುಡುಕಿದರೂ ಸಿಗುವುದು ಕಷ್ಟ: ಮೂರು ಪ್ರೋಟಾನು, ಮೂರು ಎಲೆಕ್ಟ್ರಾನು, ಅಷ್ಟೇ. ಆದರೂ 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ ಮೇಲೆ ಈ ಕ್ರಿಯೆಯ ಗತಿಯನ್ನು ಅದರಿಂದ ಪೂರ್ತಿಯಾಗಿ ಬಿಡಿಸಲು ಸುಮಾರು ಅರ್ಧ ಶತಮಾನ ಹಿಡಿಯಿತು.

ದಾರಿ ತೆರೆದದ್ದು 1927ರ ಬಾರ್ನ್–ಓಪನ್‌ಹೈಮರ್ ವಿಧಾನ. ಬೀಜಕೇಂದ್ರಗಳು ಭಾರ, ಎಲೆಕ್ಟ್ರಾನುಗಳು ಹಗುರ. ಹಾಗಾಗಿ ಬೀಜಕೇಂದ್ರಗಳನ್ನು ಒಂದೊಂದು ಸ್ಥಾನದಲ್ಲಿ ನಿಲ್ಲಿಸಿ ಎಲೆಕ್ಟ್ರಾನುಗಳ ಶಕ್ತಿಯನ್ನು ಮೊದಲು ಲೆಕ್ಕಹಾಕಬಹುದು; ಹಾಗೆ ಸಿಕ್ಕ ಶಕ್ತಿಯ ಮೇಲ್ಮೈಯಲ್ಲಿ ಬೀಜಕೇಂದ್ರಗಳನ್ನು ಆಮೇಲೆ ಚಲಿಸಬಿಡಬಹುದು. ಅಂಥ ಮೊದಲ ಮೇಲ್ಮೈಯನ್ನು 1931ರಲ್ಲಿ ಬರ್ಲಿನ್‌ನಲ್ಲಿ ಹೆನ್ರಿ ಐರಿಂಗ್ ಮತ್ತು ಮೈಕೆಲ್ ಪೊಲಾನ್ಯಿ ರಚಿಸಿದರು. ಅದರ ರೂಪ ಎರಡು ಕಣಿವೆಗಳನ್ನು ಕೂಡಿಸುವ ಘಾಟಿಯಂಥದ್ದು. ಭೌತವಿಜ್ಞಾನಿ ಲಂಡನ್ ಅವರ ಸೂತ್ರಕ್ಕೆ ರೋಹಿತದ ಅಳತೆಗಳನ್ನು ಬೆರೆಸಿದ ಈ ಅರೆ-ಪ್ರಾಯೋಗಿಕ ಲೆಕ್ಕದಲ್ಲಿ ಘಾಟಿಯ ನೆತ್ತಿಯ ಮೇಲೊಂದು ತಗ್ಗು ಕಾಣಿಸಿತು. 'ಐರಿಂಗ್ ಸರೋವರ' ಎಂದು ಹೆಸರಾದ ಆ ತಗ್ಗು ವಾಸ್ತವದಲ್ಲಿ ಇರಲೇ ಇಲ್ಲ. ಅದು ವಿಧಾನದ ದೋಷ. 1970ರ ದಶಕದಲ್ಲಿ ಲಿಯು ಮತ್ತು ಸೀಗ್‌ಬಾನ್ ಮೂಲ ತತ್ವಗಳಿಂದಲೇ ಲೆಕ್ಕಹಾಕಿದಾಗ ಉಳಿದದ್ದು ಸುಮಾರು 0.42 ಎಲೆಕ್ಟ್ರಾನ್‌ವೋಲ್ಟ್ ಎತ್ತರದ, ನೆತ್ತಿಯಲ್ಲಿ ತಗ್ಗಿಲ್ಲದ ತಡೆ.

ಇಂಥ ಮೇಲ್ಮೈಯ ಮೇಲೆ ಬೀಜಕೇಂದ್ರಗಳನ್ನು ನಡೆಸುವುದು ಬೇರೆಯೇ ಕೆಲಸ. 1936ರಲ್ಲಿ ಹಿರ್ಷ್‌ಫೆಲ್ಡರ್ ಮತ್ತು ಸಂಗಡಿಗರು ನ್ಯೂಟನ್ನನ ನಿಯಮದಂತೆ ಒಂದು ಪಥವನ್ನು ಕೈಯಿಂದಲೇ ಲೆಕ್ಕಹಾಕಲು ಹೊರಟು ಅರ್ಧದಲ್ಲೇ ನಿಂತರು. 1965ರಲ್ಲಿ ಕಾರ್ಪ್ಲಸ್, ಪೋರ್ಟರ್, ಶರ್ಮಾ ಕಂಪ್ಯೂಟರಿನಲ್ಲಿ ಅಂಥ ಪಥಗಳನ್ನು ರಾಶಿರಾಶಿಯಾಗಿ ಓಡಿಸಿದರು. ಫಲಿತಾಂಶ ಅಚ್ಚರಿಪಡುವಷ್ಟು ಚೆನ್ನಾಗಿಯೇ ಬಂತು. ಆದರೆ ಹಗುರವಾದ ಪ್ರೋಟಾನು ತಡೆಯನ್ನು ಏರದೆಯೇ ದಾಟುವ ಟನಲಿಂಗ್ ಈ ಲೆಕ್ಕದಲ್ಲಿ ಇರುವುದಿಲ್ಲ; ತಣ್ಣನೆಯ ಅನಿಲದಲ್ಲಿ ಕ್ರಿಯೆಯ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಅದೇ.

ಕ್ವಾಂಟಂ ಲೆಕ್ಕ ಮೊದಲು ಪರಮಾಣುಗಳನ್ನು ಒಂದೇ ಸಾಲಿನಲ್ಲಿ ಇಟ್ಟುಕೊಂಡು ನಡೆಯಿತು. ಮೂರು ಆಯಾಮಗಳಲ್ಲಿ ಅದನ್ನು ಬಿಡಿಸಿದ್ದು 1975ರಲ್ಲಿ, ಕ್ಯಾಲ್ಟೆಕ್‌ನ ಕುಪ್ಪರ್‌ಮನ್ ಮತ್ತು ಶಾಟ್ಜ್. ಅದೇ ವರ್ಷ ಎಲ್ಕೊವಿಟ್ಜ್ ಮತ್ತು ವಯಟ್ ಕೂಡ. ತೊಡಕು ಕಂಪ್ಯೂಟರಿನ ಶಕ್ತಿಯದ್ದಷ್ಟೇ ಆಗಿರಲಿಲ್ಲ. ಕ್ರಿಯೆಯ ಮುನ್ನ ಜೋಡಿಯಾಗಿದ್ದ ಪರಮಾಣುಗಳೇ ಬೇರೆ, ಆಮೇಲಿನ ಜೋಡಿಯೇ ಬೇರೆ. ಎರಡಕ್ಕೂ ಹೊಂದುವ ನಿರ್ದೇಶಾಂಕಗಳು ಸುಲಭವಾಗಿ ದೊರೆಯುವುದಿಲ್ಲ. ಎಲ್ಲ ಜೋಡಿಗಳನ್ನೂ ಸಮಾನವಾಗಿ ಕಾಣುವ ಅತಿಗೋಳೀಯ ನಿರ್ದೇಶಾಂಕಗಳು ಬಳಕೆಗೆ ಬಂದದ್ದರ ಹಿಂದೆ ಈ ಪೇಚಾಟವೇ ಇದೆ.

ಮುಂದಿನ ವಿವಾದ ಅನುರಣನೆಯದು. ಘಾಟಿಯ ಬಳಿ ವ್ಯವಸ್ಥೆ ಕ್ಷಣಕಾಲ ಸಿಕ್ಕಿಬಿದ್ದಾಗ ಕ್ರಿಯೆಯ ಸಂಭವನೀಯತೆಯಲ್ಲಿ ಚೂಪಾದ ಏರಿಳಿತ ಕಾಣುತ್ತದೆ. 1988ರಲ್ಲಿ ನೀಹ್ ಮತ್ತು ವ್ಯಾಲೆಂಟಿನಿ ಪ್ರಯೋಗದಲ್ಲಿ ಅಂಥ ಶಿಖರಗಳನ್ನು ಕಂಡೆವೆಂದು ವರದಿ ಮಾಡಿದರು. ಸಿದ್ಧಾಂತ ಒಪ್ಪಲಿಲ್ಲ: ಕೋನೀಯ ಸಂವೇಗ ಬದಲಾದಂತೆ ಶಿಖರದ ಸ್ಥಾನವೂ ಸರಿಯುತ್ತದೆ, ಎಲ್ಲವನ್ನೂ ಕೂಡಿಸಿದಾಗ ಏರಿಳಿತ ಅಳಿಸಿಹೋಗುತ್ತದೆ. 1991ರಲ್ಲಿ ಸ್ಟ್ಯಾನ್‌ಫರ್ಡ್‌ನ ಜೇರ್ ತಂಡದ ಅಳತೆಗಳು ಸಿದ್ಧಾಂತದ ಪರವಾಗಿ ನಿಂತವು. ರಸಾಯನಶಾಸ್ತ್ರದಲ್ಲಿ ಲೆಕ್ಕವೇ ಪ್ರಯೋಗವನ್ನು ತಿದ್ದಿದ ನಿದರ್ಶನಗಳು ವಿರಳ.

ಜ್ಯಾಮಿತೀಯ ಪ್ರಾವಸ್ಥೆಯ ಕಥೆ ಇನ್ನೂ ಉದ್ದ. ತರಂಗ ಫಲನ ಎರಡು ಶಕ್ತಿ ಮೇಲ್ಮೈಗಳು ಕೂಡುವ ಬಿಂದುವನ್ನು ಸುತ್ತಿ ಬಂದರೆ ಅದರ ಚಿಹ್ನೆ ಬದಲಾಗುತ್ತದೆ; ಈ ಬದಲಾವಣೆಗೇ ಆ ಹೆಸರು. ಈ ಕ್ರಿಯೆಗೆ ಅದು ಅನ್ವಯಿಸುವ ಬಗೆಯನ್ನು ಮೀಡ್ ಮತ್ತು ಟ್ರೂಲರ್ 1979ರಲ್ಲಿ ವಿವರಿಸಿದ್ದರು. ಅದರ ಪ್ರಭಾವ ಏಕೆ ಸಾಮಾನ್ಯವಾಗಿ ಅಡಗಿರುತ್ತದೆ ಎಂಬುದನ್ನು 2005ರಲ್ಲಿ ಆಲ್ತೋರ್ಪ್ ಮತ್ತು ಸಹಲೇಖಕರು ಬಿಡಿಸಿ ತೋರಿಸಿದರು: ಆ ಬಿಂದುವಿನ ಎರಡು ಬದಿಯಲ್ಲಿ ಹೋಗುವ ಪಥಗಳು ಬಹುಮಟ್ಟಿಗೆ ಬೇರೆಬೇರೆ ಕೋನಗಳಿಗೆ ಚದುರುತ್ತವೆ. ಪ್ರಯೋಗದಲ್ಲಿ ಅದು ಕಂಡದ್ದು 2018ರಲ್ಲಿ, ಚೀನಾದ ವಿಜ್ಞಾನಿಗಳು ಒಂದು ಡ್ಯೂಟೀರಿಯಂ ಇರುವ ಹೈಡ್ರೋಜನ್ ಅಣುವಿನ ಮೇಲೆ ನಡೆಸಿದ ಅಳತೆಯಲ್ಲಿ.

ದೊಡ್ಡ ಅಣುಗಳಲ್ಲಿ ಅಡ್ಡಿಯಾಗುವುದು ಆಯಾಮಗಳ ಸಂಖ್ಯೆ. ಮೂರು ಪರಮಾಣುಗಳಿಗೆ ಮೂರು ಆಂತರಿಕ ನಿರ್ದೇಶಾಂಕ ಸಾಕು; ಮೀಥೇನ್ ಮತ್ತು ಹೈಡ್ರೋಜನ್ ಪರಮಾಣುವಿನ ಕ್ರಿಯೆಗೆ 12 ಬೇಕು. ಪ್ರತಿಯೊಂದಕ್ಕೂ ಹತ್ತೇ ಬಿಂದುಗಳೆಂದರೂ ಮೊದಲನೆಯದಕ್ಕೆ ಸಾವಿರ, ಎರಡನೆಯದಕ್ಕೆ ಲಕ್ಷ ಕೋಟಿ ಬಿಂದುಗಳಾಗುತ್ತವೆ. 1990ರಲ್ಲಿ ಮೆಯರ್, ಮಾಂಥೆ, ಸೀಡರ್‌ಬಾಮ್ ರೂಪಿಸಿದ, ಆಧಾರ ಫಲನಗಳೇ ಕಾಲದೊಂದಿಗೆ ಬದಲಾಗುವ ವಿಧಾನ ಈ ಹೊರೆಯನ್ನು ತಗ್ಗಿಸಿತು; 2004ರಲ್ಲಿ ಮೀಥೇನ್ ಕ್ರಿಯೆಯ ವೇಗವನ್ನು ಅದರಿಂದಲೇ ನಿಖರವಾಗಿ ಪಡೆಯಲಾಯಿತು. ಇದಕ್ಕಿಂತ ದೊಡ್ಡ ಅಣುಗಳಿಗೆ ಇಂದಿಗೂ ಹೆಚ್ಚಾಗಿ ಬಳಸುವುದು 1965ರ ಮಾದರಿಯ ಪಥಗಳನ್ನೇ, ಕ್ವಾಂಟಂ ತಿದ್ದುಪಡಿಗಳನ್ನು ಸೇರಿಸಿಕೊಂಡು.