ನಮ್ಮ ಕಡೆಯ ಹಳೇ ಯೆಜ್ಡಿ

ತಾಳವಾಡಿಯ ಸರ್ಕಾರಿ ಕಾಗದಪತ್ರವೆಲ್ಲ ದಿಂಬಂ ಘಟ್ಟದ ಕೆಳಗೆ, ಈರೋಡು ಜಿಲ್ಲೆಯಲ್ಲಿ. ಆದರೆ ಸಂತೆ, ನೆಂಟಸ್ತಿಕೆ, ಗಾಡಿ ರಿಪೇರಿ ಅಂದರೆ ನಮ್ಮ ಕಾಲು ತಾನಾಗಿ ಚಾಮರಾಜನಗರದ ಕಡೆಗೆ, ಅಲ್ಲಿಂದ ಮೈಸೂರಿಗೆ ತಿರುಗುತ್ತದೆ. ಆದ್ದರಿಂದ ನಮ್ಮ ಬೀದಿಗಳಲ್ಲಿ ಓಡಿದ ಬೈಕುಗಳ ಚರಿತ್ರೆ ಬರೆಯಹೊರಟರೆ ಮೈಸೂರಿನ ಯಾದವಗಿರಿಯಿಂದಲೇ ಶುರುಮಾಡಬೇಕು.

ಸ್ವಾತಂತ್ರ್ಯ ಬಂದ ಮೇಲೆ ವಿದೇಶದಿಂದ ಗಾಡಿ ತರಿಸುವುದು ಕಷ್ಟವಾಯಿತು. ಇಲ್ಲೇ ತಯಾರಿಸಬೇಕು, ಅದಕ್ಕೂ ಸರ್ಕಾರದ ಲೈಸೆನ್ಸ್ ಬೇಕು ಎಂಬ ಕಾಲ ಅದು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ಜೋಡಿಸುವ ಕೆಲಸ ಶುರುವಾಯಿತು. ಉತ್ತರದಲ್ಲಿ ಎಸ್ಕಾರ್ಟ್ಸ್ ಕಂಪನಿ ಪೋಲೆಂಡಿನ ಮಾದರಿ ಇಟ್ಟುಕೊಂಡು ರಾಜದೂತ್ ಮಾಡಿತು. ಮೈಸೂರಿನಲ್ಲಿ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು.

ಜಾವಾ ಎಂಬ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. ಜೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬುವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗವನ್ನು ಕೊಂಡರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಎಪ್ಪತ್ತರ ದಶಕದಲ್ಲಿ ಮೈಸೂರಿನ ಗಾಡಿಗೆ ಯೆಜ್ಡಿ ಎಂಬ ಹೊಸ ಹೆಸರು ಬಂತು. ಟ್ಯಾಂಕಿನ ಮೇಲಿನ ಹೆಸರು ಬದಲಾಯಿತೇ ಹೊರತು ಒಳಗಿನ ಜೀವ ಅದೇ.

ಆ ಜೀವ ಬಹಳ ಸರಳ. ಸುಮಾರು 250 ಸಿಸಿಯ ಒಂದೇ ಸಿಲಿಂಡರು, ಟೂ ಸ್ಟ್ರೋಕ್, ಎರಡು ಸೈಲೆನ್ಸರು. ಟೂ ಸ್ಟ್ರೋಕ್ ಆದ್ದರಿಂದ ತಲೆಯ ಮೇಲೆ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಕಿಕ್ ಹೊಡೆಯುವ ಸಲಾಕೆಯೇ ಗಾಡಿ ಶುರುವಾದ ಮೇಲೆ ಗೇರ್ ಸಲಾಕೆ. ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ಏರ್ಪಾಡೂ ಇತ್ತು. ಅದಕ್ಕೇ ದಾರಿಯಲ್ಲಿ ಕ್ಲಚ್ ವೈರ್ ತುಂಡಾದರೂ ಊರು ಸೇರಬಹುದಿತ್ತು. ಹಳೆಯ ಮಾದರಿಗಳಲ್ಲಿ ಚೈನು ಪೂರ್ತಿ ಕವಚದೊಳಗೆ. ಹೊಲದ ಧೂಳು, ಮಳೆಗಾಲದ ಕೆಸರು ಅದಕ್ಕೆ ತಾಗುತ್ತಿರಲಿಲ್ಲ.

ಇಂಥ ಗಾಡಿ ಅಗ್ಗವಾದದ್ದು ಹೇಗೆ? 1984-86ರ ನಡುವೆ ಇಂಡ್ ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್ ಎಲ್ಲ ಒಂದರ ಹಿಂದೆ ಒಂದು ಬಂದವು. ಲೀಟರಿಗೆ ಮೂವತ್ತು ಕಿಲೋಮೀಟರು ಕೊಡುವುದಕ್ಕೇ ತಿಣುಕುವ ಯೆಜ್ಡಿಯ ಎದುರು, ಅದರ ದುಪ್ಪಟ್ಟಿಗೂ ಹೆಚ್ಚು ಕೊಡುವ ಫೋರ್ ಸ್ಟ್ರೋಕ್ ಗಾಡಿ ನಿಂತಿತು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಂಪನಿಯೇ ಇಲ್ಲದ ಗಾಡಿಯನ್ನು ಯಾರು ಕೊಳ್ಳುತ್ತಾರೆ? ಬೆಲೆ ಗುಜರಿ ಲೆಕ್ಕಕ್ಕೆ ಇಳಿಯಿತು. ಹೊಸ ಗಾಡಿಗೆ ದುಡ್ಡಿಲ್ಲದ, ಆದರೆ ದೂರ ಹೋಗಬೇಕಾದ ನಮ್ಮಂಥ ಊರಿನವರ ಕೈಗೆ ಅದು ಸಿಕ್ಕಿದ್ದು ಆಗಲೇ.

ಕಾರ್ಖಾನೆ ಹೋದರೂ ಗಾಡಿ ನಿಲ್ಲಲಿಲ್ಲ. ಅದಕ್ಕೆ ಕಾರಣ ಮೆಕ್ಯಾನಿಕ್ಕುಗಳು. ಕೆಲವು ಸ್ಪ್ಯಾನರು, ಒಂದು ಫೀಲರ್ ಗೇಜು, ಬೋರು ಮಾಡುವ ಒಂದು ಲೇತ್ ಅಂಗಡಿ ಇದ್ದರೆ ಇಡೀ ಎಂಜಿನ್ನು ಬಿಚ್ಚಿ ಕಟ್ಟಬಹುದಿತ್ತು. ಆ ವಿದ್ಯೆ ಪುಸ್ತಕದಲ್ಲಿರಲಿಲ್ಲ, ಕೈಯಲ್ಲಿತ್ತು, ಕಿವಿಯಲ್ಲಿತ್ತು. ಅದರಲ್ಲಿ ಒಸಿಯಾದರೂ ಇಲ್ಲಿ ಬರೆದಿಡುತ್ತೇನೆ.

ಮೊದಲು ಕೊಳ್ಳುವ ವಿಷಯ. ಗಾಡಿ ನೋಡಲು ಹೋದಾಗ ಎಂಜಿನ್ ಮುಟ್ಟಿ ನೋಡ್ರಪ್ಪ, ತಣ್ಣಗಿರಬೇಕು. ಬಿಸಿ ಎಂಜಿನ್ನು ಯಾರು ಒದ್ದರೂ ಶುರುವಾಗುತ್ತದೆ. ತಣ್ಣಗಿರುವಾಗ ಎಷ್ಟು ಕಿಕ್ಕಿಗೆ ಏಳುತ್ತದೆ ಅನ್ನೋದೇ ಪರೀಕ್ಷೆ. ಮೊದಲಿಗೆ ಹೊಗೆ ಬರುವುದು ಸಹಜ. ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಗೇರ್ ಬಾಕ್ಸಿನ ಆಯಿಲೂ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ, ಗೇರಿನ ಎಣ್ಣೆಯನ್ನು ಎಂಜಿನ್ನು ಕುಡಿಯುತ್ತಿದೆ ಎಂದರ್ಥ. ಟ್ಯಾಂಕಿನ ಮುಚ್ಚಳ ತೆಗೆದು ಬ್ಯಾಟರಿ ಬಿಟ್ಟು ನೋಡಿ. ಒಳಗೆ ತುಕ್ಕಿದ್ದರೆ ಅದು ಕಾರ್ಬೊರೇಟರಿನ ಜೆಟ್ಟಿಗೆ ಹೋಗಿ ಕೂರುತ್ತದೆ. ಎಷ್ಟು ಸಲ ಬೋರ್ ಆಗಿದೆ, ಇನ್ನು ದೊಡ್ಡ ಪಿಸ್ಟನ್ನಿಗೆ ಜಾಗ ಉಳಿದಿದೆಯೇ ಕೇಳಿ. ಗಾಡಿ ಕೊಂಡಷ್ಟೇ ದುಡ್ಡನ್ನು ರಿಪೇರಿಗೆ ಎತ್ತಿಟ್ಟುಕೊಳ್ಳುವುದು ಜಾಣತನ. ಹಾಗೆ ಎತ್ತಿಡದವರ ಗಾಡಿ ಕೊಟ್ಟಿಗೆಯಲ್ಲೇ ಉಳಿಯುತ್ತದೆ.

ದೂರ ಹೋಗುವ ಮುಂಚೆ ಪಾಯಿಂಟಿನ ಸಂದು ನೋಡಬೇಕು, ಸುಮಾರು 0.4 ಮಿಲಿಮೀಟರು. ಪ್ಲಗ್ ಬಿಚ್ಚಿದರೆ ಎಂಜಿನ್ನಿನ ಆರೋಗ್ಯ ಗೊತ್ತಾಗುತ್ತದೆ. ಕಾಫಿಪುಡಿ ಬಣ್ಣವಿದ್ದರೆ ಸರಿ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲೋ ಆಯಿಲೋ ಹೆಚ್ಚಾಗಿದೆ. ಬೆಳ್ಳಗಿದ್ದರೆ ಪೆಟ್ರೋಲು ಸಾಲುತ್ತಿಲ್ಲ, ಎಂಜಿನ್ನು ಸುಡುತ್ತಿದೆ; ಹಾಗೇ ಓಡಿಸಿದರೆ ಪಿಸ್ಟನ್ ಜಾಮ್ ಆಗುತ್ತದೆ. ಸೈಲೆನ್ಸರಿನ ಒಳಗಿನ ಕಾರ್ಬನ್ ತೆಗೆಸಬೇಕು. ಹೊಗೆಗೆ ದಾರಿ ಇಲ್ಲದಿದ್ದರೆ ಗಾಡಿ ಎಳೆಯುವುದಿಲ್ಲ. ಪೆಟ್ರೋಲಿಗೆ ಟೂ ಟಿ ಆಯಿಲು ಬೆರೆಸುವುದು ಹಳೆಯ ಲೆಕ್ಕದಲ್ಲಿ ಲೀಟರಿಗೆ 40 ಮಿಲಿ. ಚೀಲದಲ್ಲಿ ಒಂದು ಪ್ಲಗ್, ಪಾಯಿಂಟ್ ಸೆಟ್, ಕಂಡೆನ್ಸರ್, ಕ್ಲಚ್ ಮತ್ತು ಆಕ್ಸಿಲರೇಟರ್ ವೈರು, ಒಂದು ಟ್ಯೂಬು, ಒಂದು ಆಯಿಲ್ ಡಬ್ಬಿ ಇದ್ದರೆ ಧೈರ್ಯ.

ನಮ್ಮವರಿಗೆ ಇದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ದಿಂಬಂ ಘಟ್ಟ. ಇಪ್ಪತ್ತೇಳು ತಿರುವು. ಹತ್ತುವಾಗ ಎಂಜಿನ್ನು ಕಾಯುತ್ತದೆ, ನಿಲ್ಲಿಸಿ ಆರಿಸಿದರೆ ಆಯಿತು. ಅಪಾಯ ಇಳಿಯುವಾಗ. ಈ ಎಂಜಿನ್ನಿಗೆ ಆಯಿಲು ಬರುವುದು ಪೆಟ್ರೋಲಿನ ಜೊತೆಯಲ್ಲೇ. ಆಕ್ಸಿಲರೇಟರು ಪೂರ್ತಿ ಮುಚ್ಚಿ, ಗೇರಿನಲ್ಲೇ ಮೈಲಿಗಟ್ಟಲೆ ಇಳಿದರೆ ಪಿಸ್ಟನ್ನು ಎಣ್ಣೆಯಿಲ್ಲದೆ ಉಜ್ಜುತ್ತದೆ. ಅದಕ್ಕೇ ಆಗಾಗ ಕ್ಲಚ್ ಹಿಡಿದು ಒಂದು ಸಲ ರೇಸ್ ಕೊಡಬೇಕು. ಬ್ರೇಕು ಕಾಯದಂತೆ ಎರಡನ್ನೂ ಬಿಟ್ಟು ಬಿಟ್ಟು ಹಿಡಿಯಬೇಕು. ಬಯಲುಸೀಮೆಯಲ್ಲಿ ಗಾಡಿ ಓಡಿಸಿದವನಿಗೆ ಇದು ತಿಳಿಯದೇ ಹೋಗಬಹುದು, ಬಣ್ಣಾರಿಗೆ ಇಳಿದು ಹತ್ತುವವನಿಗೆ ತಿಳಿಯದೆ ವಿಧಿಯಿಲ್ಲ.

ಗಡಿಯ ಜನಕ್ಕೆ ಇನ್ನೊಂದು ಘಟ್ಟವುಂಟು, ಅದು ಕಾಗದದ್ದು. ಮೈಸೂರಿನಲ್ಲೋ ಚಾಮರಾಜನಗರದಲ್ಲೋ ಕೊಂಡ ಗಾಡಿಗೆ ಕರ್ನಾಟಕದ ನಂಬರು. 1988ರ ಮೋಟಾರು ವಾಹನ ಕಾಯ್ದೆಯಂತೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು. ಅದಕ್ಕೆ ಮೊದಲ ಕಚೇರಿಯ ಎನ್‌ಒಸಿ ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. 15 ವರ್ಷವಾದ ಗಾಡಿಗೆ ಆಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. ‘ಎಲ್ಲ ನಮ್ಮೋರೆ ಅಲ್ವಾ’ ಅಂತ ಆರ್‌ಸಿ ಪುಸ್ತಕ ಮಾತ್ರ ಇಸಕೊಂಡು ಬಂದರೆ, ಮಾರಿದವರು ತೀರಿಕೊಂಡ ಮೇಲೆ ಸಹಿ ಹಾಕುವವರು ಇರುವುದಿಲ್ಲ. ಎಂಜಿನ್ನು ಗಟ್ಟಿಯಿದ್ದರೂ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಆದ್ದರಿಂದ ಎಂಜಿನ್ ನಂಬರು, ಚಾಸಿ ನಂಬರು ಪುಸ್ತಕದೊಡನೆ ತಾಳೆ ನೋಡಿ, ಎನ್‌ಒಸಿ ಕೈಗೆ ಬಂದ ಮೇಲೇ ಪೂರ್ತಿ ದುಡ್ಡು ಕೊಡಿ.

ಈಗ ಕಾಲ ಮತ್ತೆ ತಿರುಗಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಫೋರ್ ಸ್ಟ್ರೋಕ್ ಗಾಡಿಗಳು ಬಂದಿವೆ. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಹಳೆಯ ಗಾಡಿಯವರು ಸೇರಿ ಜಾವಾ ಯೆಜ್ಡಿ ದಿನ ಆಚರಿಸುತ್ತಾರೆ. ಪಟ್ಟಣದವರು ಹಳ್ಳಿ ಹಳ್ಳಿ ತಿರುಗಿ ಕೊಟ್ಟಿಗೆಯ ಗಾಡಿಗೆ ಒಳ್ಳೆಯ ಬೆಲೆ ಕೊಡುತ್ತಿದ್ದಾರೆ. ಮಾರುವುದು ತಪ್ಪಲ್ಲ. ಆದರೆ ಗಾಡಿ ಹೋದರೆ ಇನ್ನೊಂದು ಸಿಗಬಹುದು, ಅದರ ಸದ್ದು ಕೇಳಿ ಕಾಯಿಲೆ ಹೇಳುವ ಕಿವಿ ಸಿಗುವುದಿಲ್ಲ. ಆ ಕೆಲಸ ಬಲ್ಲವರಿಗೆಲ್ಲ ವಯಸ್ಸಾಗಿದೆ. ಅವರ ಪಕ್ಕದಲ್ಲಿ ಸ್ಪ್ಯಾನರು ಹಿಡಿದು ನಿಲ್ಲುವ ಹುಡುಗರು ಕಡಿಮೆ. ಊರಿನಲ್ಲಿ ಇನ್ನೂ ಯೆಜ್ಡಿ ಇಟ್ಟುಕೊಂಡವರು ಮುಂದಿನ ಸಲ ಎಂಜಿನ್ ಬಿಚ್ಚಿಸುವಾಗ ಮನೆಯ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಲಿ. ಮೆಕ್ಯಾನಿಕ್ ಏನು ಮಾಡಿದರು, ಯಾಕೆ ಮಾಡಿದರು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಲಿ. ಅಂಥ ಪುಸ್ತಕವೊಂದು ನಮ್ಮ ವಾಚನಾಲಯಕ್ಕೆ ಬಂದರೆ ಕಥೆ ಪುಸ್ತಕಗಳ ಪಕ್ಕದಲ್ಲೇ ಇಡುವ ಜಾಗವಿದೆ.